ಉಸಿರುಗಲ್ಲು: ಅರಿದ ಮೂಗಿನ ಅರಸುಮಗನಿಗೆ ಶ್ವಾಸೇಶ್ವರನು ಒಲಿದುದು

ಗಾಳಿಯೇ ದೇವರ ಮೊದಲ ಮೂರ್ತಿಯೆಂದು ಹಿರಿಯರು ನಂಬಿದ್ದ ಕಾಲದಲ್ಲಿ, ಬಡಗಣ ಚಕ್ರವರ್ತಿಯ ಆನೆಗಳಿಗೂ ತೆಂಕಣ ಚಕ್ರವರ್ತಿಯ ಕುದುರೆಗಳಿಗೂ ನಡುವೆ, ಬೀಸುಕಲ್ಲಿನ ಎರಡು ಹೋಳುಗಳ ನಡುವಣ ಜೋಳದ ಕಾಳಿನಂತೆ ಸಿಕ್ಕಿಕೊಂಡು, ಒಮ್ಮೆ ಇವರಿಗೆ ಇನ್ನೊಮ್ಮೆ ಅವರಿಗೆ ಕಪ್ಪವನ್ನೊಪ್ಪಿಸುತ್ತ, ಹೇಗೋ ತಲೆಯೆತ್ತಿ ಬಾಳುತ್ತಿದ್ದ ಸಿಂಗವಳಿಗೆಯೆಂಬ ಸಣ್ಣ ನಾಡೊಂದಿದ್ದಿತು. ಆ ನಾಡಿನ ರಾಜವಂಶದಲ್ಲಿ ಹಿರಿಯ ಮಗನಿಗೇ ಪಟ್ಟವೆಂಬ ಕಟ್ಟಳೆಯಿರಲಿಲ್ಲ. ಅರಸನ ರಕ್ತದಲ್ಲಿ ಹುಟ್ಟಿದ ಯಾವ ಗಂಡುಮಗನಾದರೂ, ಅವನ ತಾಯಿ ಪಟ್ಟದರಸಿಯಾಗಿರಲಿ ಅಲ್ಲದಿರಲಿ, ನಾಡಪ್ರಭುಗಳು ಕೂಡಿ ಕೈಹಿಡಿದು ಏರಿಸಿದರೆ ಸಿಂಹಪೀಠಕ್ಕೆ ಅರ್ಹನೇ ಆಗುತ್ತಿದ್ದನು. ಇದ್ದುದು ಒಂದೇ ನಿಷೇಧ. ಊನಾಂಗನಿಗೆ, ಅಂದರೆ ಒಡಲಿನಲ್ಲಿ ಒಂದು ಅಂಗ ಕುಂದಿದವನಿಗೆ, ಪೀಠವಿಲ್ಲ.

ಈ ಒಂದು ನಿಷೇಧದಿಂದಲೇ ಆ ವಂಶದಲ್ಲಿ ಘೋರವಾದೊಂದು ವಾಡಿಕೆ ಬೇರುಬಿಟ್ಟಿತು. ಒಡಹುಟ್ಟಿದವನನ್ನು ಕೊಂದರೆ ಭ್ರಾತೃಹತ್ಯಾಮಹಾಪಾತಕವು ಸುತ್ತಿಕೊಳ್ಳುವುದೆಂದು ಹೆದರಿ, ಪಟ್ಟವೇರಿದವನು ತನ್ನ ಸೋದರರ ಮೂಗನ್ನು ಕೊಯ್ಯಿಸಿ ಬಿಟ್ಟುಬಿಡುತ್ತಿದ್ದನು. ಪಾಪವೂ ತಗಲಲಿಲ್ಲ, ಪ್ರತಿಸ್ಪರ್ಧಿಯೂ ಉಳಿಯಲಿಲ್ಲ. ಹೀಗಾಗಿ ಸಿಂಗವಳಿಗೆಯ ಹಳ್ಳಿಹಳ್ಳಿಗಳಲ್ಲಿ ಮುಖಕ್ಕೆ ವಸ್ತ್ರವನ್ನು ಸುತ್ತಿಕೊಂಡು, ಯಾರದೋ ಹಿತ್ತಿಲಲ್ಲಿ ಕಾಲ ಕಳೆಯುತ್ತಿದ್ದ ಅರಸುಮಕ್ಕಳು ಕಾಣಸಿಗುತ್ತಿದ್ದರು.

ಜೋಗರಸನೆಂಬವನು ಪಟ್ಟವೇರಿದಾಗ ಅವನ ಮಲತಮ್ಮನಾದ ಮಲ್ಲಿದೇವನಿಗೆ ಮೀಸೆ ಆಗತಾನೆ ಚಿಗುರುತ್ತಿತ್ತು. ರಾಜ್ಯದಾಸೆ ಅವನಲ್ಲಿ ಎಳ್ಳಷ್ಟೂ ಇರಲಿಲ್ಲ. ಅವನಿಗಿದ್ದುದು ಕೇಳುವ ಚಟ. ಬಾವಿಯ ನೀರು ಚಳಿಯಲ್ಲಿ ಬೆಚ್ಚಗಿರುವುದೇಕೆ, ಗೀಜಗನು ಗೂಡಿನ ಬಾಯಿಯನ್ನು ಕೆಳಕ್ಕೆ ಹೆಣೆಯುವುದೇಕೆ, ಕುದಿಯುವ ಮೊದಲು ಹಾಲು ಸುಮ್ಮನಾಗುವುದೇಕೆ ಎಂದು ಅಡುಗೆಮನೆಯಿಂದ ಆನೆಲಾಯದವರೆಗೆ ಎಲ್ಲರನ್ನೂ ಕಾಡುತ್ತಿದ್ದನು. ಅಂಥವನನ್ನು ಅರಮನೆಯ ಅಂಗಳದ ಕಂಬಕ್ಕೆ ಕಟ್ಟಿ, ಭಟನೊಬ್ಬನು ಕತ್ತಿಯನ್ನು ಎತ್ತಿ ನಿಂತಾಗಲೂ ಅವನ ಬಾಯಿಂದ ಬಂದುದು ಪ್ರಶ್ನೆಯೇ.

"ಅಣ್ಣಾ, ಇದೊಂದು ಹೇಳಿಬಿಡು. ನಾಡನ್ನಾಳುವುದು ತಲೆಯಲ್ಲವೇ? ಮೂಗಿಗೂ ಪೀಠಕ್ಕೂ ಏನು ಸಂಬಂಧ?"

ಜೋಗರಸನು ಮುಖವನ್ನು ಆಚೆ ತಿರುಗಿಸಿಕೊಂಡನು. "ಹಿರಿಯರು ಮಾಡಿಟ್ಟದ್ದು, ಮಲ್ಲಿ. ನನಗೂ ಗೊತ್ತಿಲ್ಲ."

ರಕ್ತಸಿಕ್ತವಾದ ಮುಖದೊಡನೆ ರಾಜಧಾನಿಯನ್ನು ಬಿಟ್ಟ ಮಲ್ಲಿದೇವನು, ಹೆಬ್ಬಂಡೆಗಳ ಮೇಲೆ ಹೆಬ್ಬಂಡೆಗಳು ಕುಳಿತಂತಿದ್ದ ಪಡುವಣ ಗುಡ್ಡಸಾಲನ್ನು ಸೇರಿ, ಜ್ವರದ ತಾಪದಲ್ಲಿ ಹುಣಸೆಮರದ ಬುಡದಲ್ಲಿ ಬಿದ್ದುಕೊಂಡನು. ಅಲ್ಲಿ ಅವನನ್ನು ಕಂಡವಳು ಗೊಲ್ಲರ ನಾಗಿಯಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅವನು ಬಿಟ್ಟುಹೋದ ದನಗಳನ್ನು ಒಬ್ಬಳೇ ಮೇಯಿಸುತ್ತಿದ್ದ ಗಟ್ಟಿಗಿತ್ತಿ. ಬಿದ್ದವನು ಯಾರು, ಯಾವ ಕುಲ, ಏನು ತಪ್ಪು ಮಾಡಿದವನು ಎಂದು ಅವಳು ವಿಚಾರಿಸಲಿಲ್ಲ. ಅರಿಸಿನದ ನೀರಿನಲ್ಲಿ ಗಾಯವನ್ನು ತೊಳೆದಳು. ಅವನು ಮತ್ತೆ ವಸ್ತ್ರವನ್ನು ಸುತ್ತಿಕೊಳ್ಳಹೋದಾಗ ಕೈಯನ್ನು ತಡೆದಳು.

"ಮುಚ್ಕೊಂಡ್ರೆ ಗಾಯ ಮಾಗಲ್ಲ ತಮ್ಮಾ. ಗಾಳಿ ಆಡ್ಬೇಕು."

"ಯಾರಾದರೂ ನೋಡುತ್ತಾರೆ, ಅಕ್ಕಾ."

"ನೋಡೋಕೆ ಇಲ್ಲಿರೋದು ನಾನು, ನನ್ನ ದನ. ದನಕ್ಕೆ ನಿನ್ನ ಮೂಗು ಕಟ್ಕೊಂಡು ಏನಾಗಬೇಕು?"

ಆದರೂ ಅವನು ವಸ್ತ್ರವನ್ನು ಬಿಡಲಿಲ್ಲ. ಹೀಗಿರಲು ವೈಶಾಖದ ಒಂದು ಮಧ್ಯಾಹ್ನ, ಬಂಡೆಗಳು ಕಾದು ಬಾಣಲೆಯಂತಾಗಿದ್ದಾಗ, ನಾಗಿಯಕ್ಕನ ದನಗಳೆಲ್ಲ ಮರದ ನೆರಳನ್ನು ಬಿಟ್ಟು, ಗುಡ್ಡದ ಬುಡದಲ್ಲಿ ಬಿಸಿಲಿಗೆ ಮೈಯೊಡ್ಡಿದ್ದ ಬಂಡೆಯೊಂದರ ಬಿರುಕಿನ ಮುಂದೆ ಒತ್ತೊತ್ತಾಗಿ ಮಲಗಿ, ಕಣ್ಣುಮುಚ್ಚಿ ಮೆಲುಕುಹಾಕುತ್ತಿದ್ದುದನ್ನು ಅವನು ಕಂಡನು. ಅಂದು ಅವನಲ್ಲಿ ಸತ್ತೇಹೋಗಿದ್ದ ಹಳೆಯ ಚಟವು ಕಿವಿ ನಿಮಿರಿಸಿ ಎದ್ದು ಕುಳಿತಿತು.

"ಅಕ್ಕಾ, ನೆರಳನ್ನು ಬಿಟ್ಟು ಅವು ಬಿಸಿಲಲ್ಲಿ ಏಕೆ ಮಲಗಿವೆ?"

"ಅಲ್ಲಿ ಬಂಡೆ ಉಸಿರಾಡ್ತದೆ."

"ಬಂಡೆಯೇ?"

"ನಾನು ಹೇಳೋದು ಯಾಕೆ? ಹೋಗಿ ನಿಂತ್ಕೊಂಡು ನೋಡು."

ಆಳೆತ್ತರದ ಆ ಬಿರುಕಿನ ಮುಂದೆ ನಿಂತಾಗ, ಗುಡ್ಡದ ಕತ್ತಲ ಗರ್ಭದಿಂದ ತಂಪಾದ ಗಾಳಿಯೊಂದು ಎಡೆಬಿಡದೆ ಹೊರಹೊಮ್ಮಿ ಅವನ ಮೈಯನ್ನು ತೊಳೆಯಿತು. ಅದರ ಹದವನ್ನು ಪೂರ್ತಿಯಾಗಿ ಅರಿಯಬೇಕೆಂಬ ಆಸೆಯಿಂದ, ತಾನೇನು ಮಾಡುತ್ತಿರುವೆನೆಂಬುದನ್ನೂ ಮರೆತು, ಮಲ್ಲಿದೇವನು ಮುಖದ ವಸ್ತ್ರವನ್ನು ಕಿತ್ತೆಸೆದನು.

ಅಂದಿನಿಂದ ಅವನು ಆ ತಾಣವನ್ನು ಬಿಟ್ಟು ಕದಲಲಿಲ್ಲ. ಬಿರುಕಿನ ಎದುರಿಗೆ ಗುಡಿಸಲನ್ನು ಕಟ್ಟಿಕೊಂಡು, ಒಣಗಿದ ಎಲೆಯೊಂದನ್ನು ಹಗ್ಗದ ತುದಿಗೆ ಕಟ್ಟಿ ಅದರ ಬಾಯಲ್ಲಿ ತೂಗಬಿಟ್ಟನು. ಬೇಸಗೆಯಲ್ಲಿ ಎಲೆಯು ಹೊರಕ್ಕೆ ತೂರಿತು. ಚಳಿಗಾಲ ಬಂದಾಗ ಅದೇ ಎಲೆಯನ್ನು ಬಂಡೆಯು ಒಳಕ್ಕೆ ಎಳೆದುಕೊಂಡಿತು. ಎರಡು ಋತುಗಳ ಸಂಧಿಯಲ್ಲಿ ಕೆಲವು ದಿನ ಎಲೆಯು ಅಲುಗದೆ ನಿಂತಿತು. ಇದು ಯಾರ ಉಸಿರು, ಎಲ್ಲಿಂದ ಬರುತ್ತದೆ, ಒಳಗೆಳೆದುಕೊಂಡದ್ದನ್ನು ಎಲ್ಲಿಡುತ್ತದೆ? ಒಳಹೊಕ್ಕು ನೋಡಿಯೇ ಬಿಡುವೆನೆಂದು ಹೊರಟವನನ್ನು ನಾಗಿಯಕ್ಕ ರಟ್ಟೆ ಹಿಡಿದು ಎಳೆದಳು.

"ನನ್ನ ಒಂದು ಹೋರಿ ಒಳಗೆ ಹೋಗಿದ್ದು ತಿರುಗಿ ಬರ್ಲಿಲ್ಲ. ನೀನು ಹೋಗಲ್ಲ ಅಂತ ನನ್ನ ಕೈಮೇಲೆ ಕೈ ಇಟ್ಟು ಹೇಳು."

ಅವನು ಕೈಯಿಟ್ಟು ಮಾತು ಕೊಟ್ಟನು. ವರ್ಷಗಳುರುಳಿದವು. ಜಡೆಬೆಳೆದು ಬಂಡೆಯ ಮುಂದೆ ಕಣ್ಣುನೆಟ್ಟು ಕುಳಿತಿರುತ್ತಿದ್ದ ಅವನನ್ನು ದಾರಿಹೋಕರು ಮಹಾತಪಸ್ವಿಯೆಂದು ಭಾವಿಸಿ ಶ್ವಾಸಮುನಿಯೆಂದು ಕರೆದರು. "ನಾನು ಮುನಿಯಲ್ಲ, ಸುಮ್ಮನೆ ನೋಡುತ್ತಿದ್ದೇನೆ" ಎಂದರೆ ಅವರ ಭಕ್ತಿಯು ಇನ್ನಷ್ಟು ಹೆಚ್ಚುತ್ತಿತ್ತು. ನಾಗಿಯಕ್ಕನಿಗೆ ಮಾತ್ರ ಅವನು ಎಂದಿಗೂ ತಮ್ಮನೇ.

ಇತ್ತ ಜೋಗರಸನು ಮುಪ್ಪಿನಲ್ಲಿ ಕಾಲವಾದನು. ಬೇರೆ ಬೇರೆ ತಾಯಂದಿರಲ್ಲಿ ಅವನಿಗೆ ಹುಟ್ಟಿದ ಗೋವಣರಸ, ಚಟ್ಟರಸರೆಂಬ ಇಬ್ಬರು ಮಕ್ಕಳ ನಡುವೆ ನಾಡೇ ಎರಡಾಯಿತು. ಹಿರಿಯನಾದ ಗೋವಣರಸನಿಗೆ ಬಡಗಣ ಚಕ್ರವರ್ತಿಯ ಬೆಂಬಲವಾದರೆ ಕಿರಿಯನಾದ ಚಟ್ಟರಸನಿಗೆ ತೆಂಕಣ ಚಕ್ರವರ್ತಿಯ ಅಭಯ. ನಾಡಪ್ರಭುಗಳು ಬೆಳಗಿನಲ್ಲಿ ಒಬ್ಬನ ತಾಂಬೂಲವನ್ನು ಹಿಡಿದು, ಸಂಜೆಗೆ ಇನ್ನೊಬ್ಬನ ಚಾವಡಿಯಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಕಡೆಗೆ ತೆಂಕಣ ಕುದುರೆಗಳು ಬರುವ ಮೊದಲೇ ಬಡಗಣ ಆನೆಗಳು ಬಂದವು. ಗೋವಣರಸನು ರಾಜಧಾನಿಯನ್ನು ಹಿಡಿದು ಪಟ್ಟವೇರಿದನು. ಚಟ್ಟರಸನು ಒಂಟಿ ಕುದುರೆಯ ಮೇಲೆ ಪಡುವಣಕ್ಕೆ ಓಡಿದನು.

ನಡುಹಗಲಿನ ಉರಿಬಿಸಿಲಿನಲ್ಲಿ, ಕುದುರೆ ಕುಸಿದ ಮೇಲೆ ಬರಿಗಾಲಲ್ಲಿ ನಡೆದು, ಅವನು ಬಂದು ಬಿದ್ದುದು ಆ ಬಿರುಕಿನ ಮುಂದೆಯೇ.

"ಮುನಿಗಳೇ, ಕಾಯಬೇಕು. ನಾನು ಜೋಗರಸರ ಮಗ ಚಟ್ಟರಸ. ನನ್ನ ಅಣ್ಣ ನನ್ನ ಮೂಗಿಗಾಗಿ ಬೆನ್ನುಹತ್ತಿದ್ದಾನೆ," ಎಂದು ಕಾಲುಮುಟ್ಟಿ, ತಲೆಯೆತ್ತಿದವನು ಆ ಮುಖವನ್ನು ಕಂಡು ಮಾತು ಮರೆತನು. ಅರಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಬಲ್ಲ ಕಥೆಯೊಂದು ಅವನಿಗೆ ನೆನಪಾಯಿತು. "ನೀವು... ಚಿಕ್ಕಪ್ಪನವರೇ?"

ಮಲ್ಲಿದೇವನು ಬಾಗಿ ಅವನ ಮುಖವನ್ನು ನೋಡಿದನು. ತನ್ನ ಮೂಗನ್ನು ಕೊಯ್ಯಿಸಿದವನ ಮಗನು ತನ್ನ ಕಾಲ ಬುಡದಲ್ಲಿದ್ದನು. "ಬರಲಿ ಬಿಡು, ಇವನಿಗೂ ಆಗಲಿ" ಎಂಬ ತಣ್ಣನೆಯ ಸಂತೋಷವೊಂದು ಅವನ ಎದೆಯಾಳದಿಂದ ಮೆಲ್ಲನೆ ಮೇಲೆದ್ದಿತು. ಅದನ್ನು ಕಂಡು ಅವನಿಗೇ ಸೋಜಿಗವಾಯಿತು. ಇಷ್ಟು ವರ್ಷ ಇದು ಎಲ್ಲಿ ಅಡಗಿತ್ತು? ಸತ್ತಿತೆಂದುಕೊಂಡಿದ್ದೆನಲ್ಲ! ಆಮೇಲೆ ಕೇಳಿದನು.

"ನಿಜ ಹೇಳು ಮಗು. ಗೆದ್ದವನು ನೀನಾಗಿದ್ದರೆ, ಗೋವಣನ ಮೂಗು ಉಳಿಯುತ್ತಿತ್ತೇ?"

ಚಟ್ಟರಸನು ನೆಲವನ್ನು ನೋಡಿದನು. ದೂರದಲ್ಲಿ ಗೊರಸುಗಳ ಧೂಳೆದ್ದಿತ್ತು. ಒಂದು ಸುಳ್ಳು ಅವನ ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. "ಇಲ್ಲ, ಚಿಕ್ಕಪ್ಪ. ಉಳಿಯುತ್ತಿರಲಿಲ್ಲ."

"ನಿನಗೆ ಮಕ್ಕಳೇ?"

"ಇಬ್ಬರು ಗಂಡುಮಕ್ಕಳು. ತಾಯಂದಿರು ಬೇರೆ."

ಮಲ್ಲಿದೇವನು ಎದ್ದು, ಮಲಗಿದ್ದ ದನಗಳನ್ನು ಬದಿಗೆ ಸರಿಸಿ ದಾರಿಮಾಡಿದನು. "ಒಳಗೆ ಹೋಗು. ಎಡಗೈ ಗೋಡೆಯ ಮೇಲಿರಲಿ. ನಾನು ಕರೆಯುವವರೆಗೆ ಬರಬೇಡ."

ಸ್ವಲ್ಪ ಹೊತ್ತಿನಲ್ಲೇ ಗೋವಣರಸನು ಪರಿವಾರದೊಡನೆ ಬಂದಿಳಿದನು. ಜೊತೆಯಲ್ಲಿ ನಾಡಪ್ರಭುಗಳೂ, ಅವರೆಲ್ಲರಿಗೂ ಹಿರಿಯನಾದ ಕಲಿಮಯ್ಯನೂ ಇದ್ದರು. ಒಬ್ಬ ಸವಾರನು ಈ ಕಡೆ ಬಂದನೇ ಎಂದು ಅರಸನು ಕೇಳಿದಾಗ ಮಲ್ಲಿದೇವನು ಮರೆಮಾಚಲಿಲ್ಲ.

"ಬಂದ. ಈ ಬಂಡೆಯೊಳಗಿದ್ದಾನೆ. ಶರಣು ಬಂದವನು, ನಾನು ಕೊಡಲಾರೆ."

ಭಟರು ಪಂಜುಗಳನ್ನು ಹಿಡಿದು ನುಗ್ಗಿದರು. ಬಿರುಕಿನ ಬಾಯನ್ನು ದಾಟುವ ಮೊದಲೇ ಗುಡ್ಡದ ಉಸಿರು ಪಂಜುಗಳನ್ನು ನಂದಿಸಿತು. ಮತ್ತೆ ಹೊತ್ತಿಸಿದರು, ಮತ್ತೆ ನಂದಿದವು. ಭಟರ ಮುಖ ಬೆಳ್ಳಗಾಯಿತು.

"ಬುದ್ಧಿ, ಒಳಗೆ ಯಾರೋ ಊದುತ್ತಿದ್ದಾರೆ. ಕೊಂದುಹಾಕಿದರೂ ಸರಿ, ನಾವು ಹೋಗುವುದಿಲ್ಲ."

ಗೋವಣರಸನು ಕ್ರೂರಿಯಾಗಿ ಹುಟ್ಟಿದವನಲ್ಲ. ಆದರೆ ತೆಂಕಣ ಕುದುರೆಗಳು ಗಡಿಯಲ್ಲಿದ್ದವು, ಪ್ರಭುಗಳ ಕಣ್ಣುಗಳು ತನ್ನ ಮೇಲಿದ್ದವು. ತಮ್ಮನ ಮೂಗು ಇಡಿಯಾಗಿ ಉಳಿದ ಒಂದೊಂದು ಗಳಿಗೆಯೂ ಅವನ ಸ್ವಂತ ಮೂಗು ಕತ್ತಿಯಂಚಿನಲ್ಲಿತ್ತು. "ಬಾಯಿಗೆ ಕಲ್ಲು ಜೋಡಿಸಿ ಮುಚ್ಚಿರಿ," ಎಂದನು. "ಕೊಂದ ಪಾಪ ಕಲ್ಲಿಗಿರಲಿ."

ಗುಂಡುಕಲ್ಲುಗಳನ್ನು ಉರುಳಿಸಿ ತಂದು ಒಂದರ ಮೇಲೊಂದನ್ನು ಪೇರಿಸತೊಡಗಿದರು. ಇನ್ನೂ ಒಬ್ಬ ಮನುಷ್ಯನು ನುಸುಳುವಷ್ಟು ಕಿಂಡಿ ಉಳಿದಿದ್ದಾಗ, ಮಲ್ಲಿದೇವನು ದನಗಳ ಬಳಿ ನಿಂತಿದ್ದ ನಾಗಿಯಕ್ಕನ ಕಡೆಗೆ ತಿರುಗಿದನು.

"ಅಕ್ಕಾ, ಕೊಟ್ಟ ಮಾತು ಮುರಿಯುತ್ತಿದ್ದೇನೆ. ಅವನನ್ನು ಒಳಗೆ ಕಳಿಸಿದವನು ನಾನು."

ಅವಳು ಬಾಯಿತೆರೆಯುವುದರೊಳಗೆ ಅವನು ಕತ್ತಲೊಳಗೆ ಜಾರಿದ್ದನು. ಭಟರು ಅರಸನ ಮುಖವನ್ನು ನೋಡಿದರು. ಅರಸನು ಕೈಬೀಸಿದನು. ಕೊನೆಯ ಕಲ್ಲೂ ಕುಳಿತಿತು. ಗಾಳಿ ನಿಂತೊಡನೆ ದನಗಳೆಲ್ಲ ಎದ್ದು ನಿಂತು, ಮುಚ್ಚಿದ ಬಾಯಿಗೆ ಮುಖವಿಟ್ಟು ಕೂಗಿದವು. ನಾಗಿಯಕ್ಕ ಅವುಗಳ ನಡುವೆ ಕುಳಿತು ಅರಸನಿಗೆ ಹೇಳಿದಳು.

"ಗುಡ್ಡದ ಮೂಗು ಮುಚ್ಚಿದೀಯ, ದೊರೆ. ಎಷ್ಟು ಹೊತ್ತು ತಡ್ಕೊಂಡೀತು?"

ಒಳಗೆ, ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಆಗಿದ್ದ ಆ ಗಾಢಾಂಧಕಾರದಲ್ಲಿ, ಚಿಕ್ಕಪ್ಪನೂ ಅಣ್ಣನ ಮಗನೂ ಒಬ್ಬರನ್ನೊಬ್ಬರು ದನಿಯಿಂದ ಹುಡುಕಿಕೊಂಡರು. ಬಾಯನ್ನು ಮುಚ್ಚಿದೊಡನೆ ಬೀಸುತ್ತಿದ್ದ ಗಾಳಿ ಸತ್ತಿತ್ತು. ಯಾವ ಕಡೆ ಹೊರಳಿದರೂ ಬಂಡೆ. ಚಟ್ಟರಸನ ಏದುಸಿರು ಹೆಚ್ಚುತ್ತಿದ್ದುದನ್ನು ಕೇಳಿ ಮಲ್ಲಿದೇವನು ಅವನ ತಲೆಯ ಮೇಲೆ ಕೈಯಿಟ್ಟನು. ಮಲ್ಲಿದೇವನ ಭಯವೂ ಅಲ್ಪವಾಗಿರಲಿಲ್ಲ. ಆದರೆ ಬದುಕಿನುದ್ದಕ್ಕೂ ಹೊರಗೆ ನಿಂತು ನೋಡಿದ ಮನೆಯೊಳಗೆ ಕಡೆಗೂ ಕಾಲಿಟ್ಟೆನೆಂಬ ಕುತೂಹಲವು ಭಯದ ಭುಜದ ಮೇಲಿನಿಂದ ಇಣುಕಿ ನೋಡುತ್ತಿದ್ದಿತು. ಅವನು ಉಸಿರನ್ನು ಬಿಗಿಹಿಡಿದು ನಿಂತನು. ಆಗ, ಅರಿದ ಮೂಗಿನ ಆ ಎಂದೂ ಗಟ್ಟಿಯಾಗದ ಹಸಿ ಅಂಚಿನ ಮೇಲೆ, ಕೂದಲೆಳೆಯಷ್ಟು ತೆಳುವಾದ ತಂಪೊಂದು ಹಾದುಹೋಯಿತು.

"ಮಗು, ನಿನಗೇನಾದರೂ ತಂಪು ತಿಳಿಯುತ್ತಿದೆಯೇ?"

"ಏನೂ ಇಲ್ಲ, ಚಿಕ್ಕಪ್ಪ."

"ನನಗೆ ತಿಳಿಯುತ್ತಿದೆ. ಮೇಲಿನಿಂದ ಇಳಿಯುತ್ತಿದೆ. ಹಾಗಾದರೆ ಮೇಲೆಲ್ಲೋ ಇನ್ನೊಂದು ಬಾಯಿದೆ! ನನ್ನ ಸೊಂಟದ ಬಟ್ಟೆ ಹಿಡಿದುಕೋ."

ಆ ಎಳೆಯನ್ನೇ ಹಿಡಿದು, ಎಲ್ಲಿ ಅದು ತಪ್ಪಿತೋ ಅಲ್ಲಿ ನಿಂತು, ಎಲ್ಲಿ ಮತ್ತೆ ತಗಲಿತೋ ಅಲ್ಲಿಗೆ ತಿರುಗಿ, ಹೊಟ್ಟೆಯ ಮೇಲೆ ತೆವಳಿ, ಮಂಡಿಯ ಚರ್ಮವನ್ನು ಕಲ್ಲಿಗೊಪ್ಪಿಸಿ, ಇಬ್ಬರೂ ವಿಶಾಲವಾದ ಗಹ್ವರವೊಂದಕ್ಕೆ ಬಂದರು. ಅಲ್ಲಿ ಚಾಚಿದ ಮಲ್ಲಿದೇವನ ಕೈಗೆ, ತೊಟ್ಟಿಕ್ಕುವ ನೀರಿನಿಂದ ನುಣುಪಾದ, ಎದೆಯೆತ್ತರದ ದುಂಡನೆಯ ಶಿಲೆಯೊಂದು ಸಿಕ್ಕಿತು. ಮೇಲಿಂದ ಕೆಳಕ್ಕೆ ಸವರುತ್ತ ಹೋದ ಬೆರಳುಗಳು ಅದರ ಮುಂಭಾಗದಲ್ಲಿ, ಮುಖದ ನಡುವಿನ ಗಾಯದಂತೆ ಸೀಳಿದ್ದ ಆಳವಾದ ಬಿರುಕಿನಲ್ಲಿ ಇಳಿದವು. ಆ ಬಿರುಕಿನಿಂದಲೂ ತಣ್ಣನೆಯ ಉಸಿರು ಹೊರಡುತ್ತಿತ್ತು. ಆ ಕ್ಷಣದಲ್ಲಿ ಗುಡ್ಡದ ಒಡಲೆಲ್ಲ ಮೊಳಗುವಂತೆ ಅಶರೀರವಾಣಿಯಾಯಿತು:

"ಗಿರಿಯನ್ನು ಬಿರಿದವನು ನಾನು, ಬಿರಿದಲ್ಲಿ ಉಸಿರಾಗಿ ನೆಲೆಸಿದವನೂ ನಾನು. ನಿನ್ನ ಅರಿದ ನಾಸಿಕದ ಮೇಲೆ ಸುಳಿದು ನಿನ್ನನ್ನು ಇಲ್ಲಿಗೆ ಕರೆತಂದವನೂ ನಾನೇ. ಊನಾಂಗನಿಗೆ ಪೀಠವಿಲ್ಲವೆಂಬವರು ಮೊದಲು ನನ್ನನ್ನು ಈ ಪೀಠದಿಂದ ಇಳಿಸಲಿ!"

ಇಬ್ಬರೂ ಆ ಶಿಲೆಯನ್ನು ತಬ್ಬಿಕೊಂಡರು. ಬಳಿಕ ಕಾಲುಗಳಿಗೆ ಹೊಸ ಕಸುವು ಬಂದಂತಾಗಿ, ಕಡಿದಾದ ಇಕ್ಕಟ್ಟಿನಲ್ಲಿ ಮೇಲಕ್ಕೇರಿ, ಪೊದೆಬೇರುಗಳು ಹೆಣೆದುಕೊಂಡಿದ್ದ ಒಂದು ಚಪ್ಪಡಿಗೆ ಭುಜಗೊಟ್ಟರು. ಚಪ್ಪಡಿಯು ಹೊರಳಿತು. ಸಂಜೆಯ ಕೆಂಪು ಆಕಾಶ ಅವರ ಮೇಲೆ ಬಿದ್ದಿತು. ತಡೆಹಿಡಿದಿದ್ದ ಉಸಿರನ್ನು ಗುಡ್ಡವು ಒಮ್ಮೆಲೇ ಬಿಟ್ಟಿತು. ಸಿಡಿಲಿನಂಥ ಸದ್ದಿನೊಡನೆ ಕೆಳಬಾಯಿಯ ಕಲ್ಲುಗಳೆಲ್ಲ ಹತ್ತಿಯ ಉಂಡೆಗಳಂತೆ ಹಾರಿಹೋದವು. ದನಗಳಲ್ಲಿ ಒಂದಕ್ಕೂ ಗಾಯವಾಗಲಿಲ್ಲ. ನಾಗಿಯಕ್ಕನ ಸೆರಗೂ ಹರಿಯಲಿಲ್ಲ. ಆದರೆ ಹಾರಿದ ಚಕ್ಕೆಯೊಂದು, ಬಾಯಿಯ ಎದುರಿಗೇ ನಿಂತಿದ್ದ ಗೋವಣರಸನ ಮೂಗನ್ನು ಕೊಯ್ದುಕೊಂಡು ಹೋಯಿತು.

ಚಿಕ್ಕಪ್ಪನೂ ಚಟ್ಟರಸನೂ ಗುಡ್ಡದ ನೆತ್ತಿಯಿಂದ ಇಳಿದು ಬಂದಾಗ, ಗೋವಣರಸನು ಉತ್ತರೀಯದಲ್ಲಿ ಮುಖವನ್ನು ಮುಚ್ಚಿಕೊಂಡು ನೆಲದ ಮೇಲೆ ಕುಳಿತಿದ್ದನು. ಬೆಳಗಿನಿಂದ ಅವನ ಹಿಂದೆ ನಿಂತಿದ್ದ ಪ್ರಭುಗಳು ಆಗಲೇ ನಾಲ್ಕು ಹೆಜ್ಜೆ ದೂರ ಸರಿದಿದ್ದರು. ಕಲಿಮಯ್ಯನು ಮುಂದೆ ಬಂದು ಚಟ್ಟರಸನಿಗೆ ಕೈಮುಗಿದನು.

"ದೈವವೇ ತೀರ್ಪು ಕೊಟ್ಟಿತು, ಪ್ರಭು. ಅವರು ಊನಾಂಗರಾದರು. ಪೀಠ ತಮ್ಮದು."

ಚಟ್ಟರಸನ ಕಣ್ಣುಗಳು ಹೊಳೆದವು. ಅದನ್ನು ಮಲ್ಲಿದೇವನು ಕಂಡನು. ಬೇಡವೆನ್ನಲಿಲ್ಲ, ಬೇಕೆನ್ನಲಿಲ್ಲ. ಬಂಡೆಯ ಬಾಯಲ್ಲಿ ತೂಗುವ ಎಲೆಯು ಯಾವ ಕಡೆಗೆ ತಿರುಗೀತೆಂದು ಕಾಯುವವನಂತೆ ಅಣ್ಣನ ಮಗನ ಮುಖವನ್ನೇ ನೋಡುತ್ತ ನಿಂತನು. ಚಟ್ಟರಸನು ಅಣ್ಣನ ಬಳಿ ಕುಳಿತು ಉತ್ತರೀಯವನ್ನು ಮೆಲ್ಲನೆ ಸರಿಸಿದನು. ಆ ಮುಖವನ್ನೂ ಚಿಕ್ಕಪ್ಪನ ಮುಖವನ್ನೂ ಒಂದಾದ ಮೇಲೊಂದು ನೋಡಿದನು. ಆಮೇಲೆ ಎದ್ದು ಹೇಳಿದನು.

"ಕಲಿಮಯ್ಯನವರೇ, ಈ ಗಾಯವನ್ನು ಮೆಟ್ಟಿಲು ಮಾಡಿಕೊಂಡು ಇವತ್ತು ನಾನು ಹತ್ತಿದೆ ಎನ್ನಿ. ನಾಳೆ ನನ್ನ ಇಬ್ಬರು ಮಕ್ಕಳಲ್ಲಿ ಯಾರ ಮೂಗು ಕೊಯ್ಯಬೇಕು? ನೀವೇ ಹೇಳಿಬಿಡಿ."

ಚಟ್ಟರಸನು ಅಣ್ಣನನ್ನು ಕೈಹಿಡಿದು ಎಬ್ಬಿಸಿದನು.

"ಅಣ್ಣನೇ ಹಿರಿಯ. ಅಣ್ಣನೇ ಆಳಲಿ. ಈ ಮುಖದಲ್ಲೇ ಆಳಲಿ."

"ತಮ್ಮಾ," ಎಂದನು ಗೋವಣರಸ, ರಕ್ತ ತುಂಬಿದ ದನಿಯಲ್ಲಿ, "ನಿನ್ನ ಮೇಲೆ ಕಲ್ಲು ಪೇರಿಸಿದವನು ನಾನು."

"ಗೊತ್ತು ಅಣ್ಣ. ಒಳಗಿದ್ದವನು ನಾನೇ ಅಲ್ಲವೇ."

ಪ್ರಭುಗಳು ಗುಜುಗುಜಿಸಿದರು. ಊನಾಂಗನನ್ನು ಏರಿಸಿದರೆ ಮಳೆ ನಿಂತೀತು, ಮಾರಿ ಬಂದೀತು ಎಂದರು. ಆಗ ಮಲ್ಲಿದೇವನು ಅವರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಕತ್ತಲೊಳಗೆ ಕರೆದೊಯ್ದು, ಆ ಶಿಲೆಯ ಬಿರುಕಿನಲ್ಲಿ ಬೆರಳಿಡಿಸಿ ಕರೆತಂದನು. ಹೋಗುವಾಗ ವಾದಿಸುತ್ತಿದ್ದವರು ಬರುವಾಗ ಸುಮ್ಮನಿದ್ದರು. ಗೋವಣರಸನಿಗೆ ಆ ಬಿರುಕಿನ ಮುಂದೆಯೇ, ಮೂಗಿಗೆ ಅರಿಸಿನದ ಪಟ್ಟಿ ಕಟ್ಟಿಯೇ, ಮತ್ತೊಮ್ಮೆ ಪಟ್ಟವಾಯಿತು. ಅಭಿಷೇಕದ ನೀರು ಗಾಯಕ್ಕೆ ತಗಲಿ ಉರಿದಾಗ ಅವನು ಅತ್ತನು. ಹಿಂದೆ ನಿಂತು ಕೊಡೆ ಹಿಡಿದಿದ್ದ ಚಟ್ಟರಸನೂ ಅತ್ತನು. ಆ ವಂಶದಲ್ಲಿ ಮುಂದೆ ಪೀಠಕ್ಕಾಗಿ ಕಲಹವೇ ನಡೆಯಲಿಲ್ಲವೆಂದಲ್ಲ. ಆದರೆ ಮೂಗು ಕೊಯ್ದು ಫಲವಿಲ್ಲವೆಂದಾದ ಮೇಲೆ ಕೊಯ್ಯುವವರಿಲ್ಲವಾದರು.

ಇನ್ನು ಮಲ್ಲಿದೇವನ ವಿಷಯ. ಗಹ್ವರದಲ್ಲಿ ಆ ಶಿಲೆಯ ಹಿಂಬದಿಯಿಂದ ಇನ್ನೂ ಆಳಕ್ಕೆ ಇಳಿಯುವ ಕವಲೊಂದನ್ನು ಅವನ ಕಾಲು ಕಂಡುಕೊಂಡಿತ್ತು. ಅದರ ಗಾಳಿ ಮೇಲಿನ ಬಾಯಿಯದೂ ಅಲ್ಲ, ಕೆಳಗಿನದೂ ಅಲ್ಲ. ಕಾರ್ತಿಕ ಮಾಸದ ಒಂದು ಮುಂಜಾವು, ತಲೆ ನರೆತಿದ್ದ ನಾಗಿಯಕ್ಕ ಹಾಲು ಕರೆಯುತ್ತಿದ್ದಾಗ ಅವನು ಬಂದು ನಿಂತನು.

"ಅಕ್ಕಾ, ಆ ಕವಲು ಎಲ್ಲಿಗೆ ಹೋಗುತ್ತದೆಂದು ನೋಡಿ ಬರಲೇ?"

ಅವಳು ಈ ಸಲ ರಟ್ಟೆ ಹಿಡಿಯಲಿಲ್ಲ. ಅವನ ಮುಖವನ್ನು ನೋಡಿ, ತಡೆದು ಪ್ರಯೋಜನವಿಲ್ಲವೆಂದು ತಿಳಿದು, "ಊಟದ ಹೊತ್ತಿಗೆ ಬಾ ತಮ್ಮಾ," ಎಂದಳಷ್ಟೆ. ಅವನು ಆ ಊಟದ ಹೊತ್ತಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಆ ಶಿಲೆಯಲ್ಲಿ ನೆಲೆಸಿದ ಶ್ವಾಸೇಶ್ವರನಲ್ಲಿ ಲೀನನಾದನೆಂದು ಊರು ನಂಬಿತು. ನಾಗಿಯಕ್ಕ ಏನು ನಂಬಿದಳೋ ತಿಳಿಯದು. ಬದುಕಿರುವವರೆಗೆ ದಿನವೂ ನಡುಹಗಲಿಗೆ ಒಂದು ಎಲೆಯಲ್ಲಿ ನವಣೆಯನ್ನವನ್ನೂ ಮೊಸರನ್ನೂ ಬಿರುಕಿನ ಮುಂದೆ ಇಟ್ಟು ಕಾಯುತ್ತಿದ್ದಳು.

ಉಸಿರುಗಲ್ಲೆಂದು ಹೆಸರಾದ ಈ ಪುಣ್ಯಕ್ಷೇತ್ರಕ್ಕೆ ಬರುವ ಯಾತ್ರಿಕರು ಇಂದಿಗೂ ಗುಡ್ಡದ ಬುಡದಲ್ಲಿ ಕೆಳಬಾಯಿಯನ್ನೂ, ನೆತ್ತಿಯಲ್ಲಿ ಮಗುಚಿಬಿದ್ದ ಚಪ್ಪಡಿಯನ್ನೂ ಕಾಣಬಹುದು. ವೈಶಾಖಮಾಸದಲ್ಲಿ ನಡೆಯುವ ಶ್ವಾಸೋತ್ಸವದ ದಿನ, ಆಸ್ತಿಗಾಗಿಯೋ ಮಾತಿಗಾಗಿಯೋ ಮುನಿಸಿಕೊಂಡ ಅಣ್ಣತಮ್ಮಂದಿರು ಒಬ್ಬರ ಸೊಂಟದ ಬಟ್ಟೆಯನ್ನೊಬ್ಬರು ಹಿಡಿದು, ದೀಪವಿಲ್ಲದೆ ಒಳಹೊಕ್ಕು ಬಿರಿದ ಲಿಂಗವನ್ನು ಮುಟ್ಟಿ ಮೇಲಿನ ಬಾಯಿಂದ ಹೊರಬರುತ್ತಾರೆ. ನಡುಹಗಲ ನೈವೇದ್ಯವು ಇಲ್ಲಿ ನವಣೆಯನ್ನ, ಮೊಸರು.

ಗುಡಿಯನ್ನು ಕಟ್ಟಿಸಿದವನು ಗೋವಣರಸ. ಕಂಬಗಳನ್ನು ನಿಲ್ಲಿಸಿ, ಶಿಖರವನ್ನೆತ್ತಿ, ಕಡೆಗೆ ಬೆಳ್ಳಿತಗಡು ಹೊದಿಸಿದ ಶ್ರೀಗಂಧದ ಬಾಗಿಲನ್ನು ಮಾಡಿಸಿ ತಂದನಂತೆ. ಮುದುಕಿ ನಾಗಿಯಕ್ಕ ಹೊಸ್ತಿಲಿಗೆ ಅಡ್ಡಲಾಗಿ ಕುಳಿತು, ಅರಸನೆಂದೂ ನೋಡದೆ ಗದರಿದಳಂತೆ.

"ಬಾಗಿಲು ಹಾಕ್ಬೇಡ. ಅವನು ಬರೋ ಹೊತ್ತಿಗೆ ಮುಚ್ಚಿದ್ರೆ?"

ಅರಸನು ಬಾಗಿಲನ್ನು ಹಿಂದಕ್ಕೆ ಕಳುಹಿಸಿದನು. ಶ್ವಾಸೇಶ್ವರನ ಗರ್ಭಗುಡಿಗೆ ಇಂದಿಗೂ ಬಾಗಿಲಿಲ್ಲ.